‘ಆಗಲಿ’ ಎನ್ನಲು ಬರುವವರಿಗೆ ಫ್ರೆಂಚ್ ಯಾಕೆ ಕಷ್ಟವಾಗಬೇಕು?

ಕಳೆದ ತಿಂಗಳು ನಮ್ಮ ಫ್ರೆಂಚ್ ತರಗತಿಯಲ್ಲಿ ಹತ್ತು ಅಂಕದ ಒಂದು ಕಿರುಪರೀಕ್ಷೆ ನಡೆಯಿತು. ಹತ್ತು ವಾಕ್ಯ, ಹತ್ತು ಬಿಟ್ಟ ಸ್ಥಳ. ಕೊಟ್ಟಿರುವ ಕ್ರಿಯಾಪದವನ್ನು ಸರಿಯಾದ ರೂಪದಲ್ಲಿ ತುಂಬಬೇಕು. ಕೆಲವು ಕಡೆ ಸಾಮಾನ್ಯ ವರ್ತಮಾನಕಾಲ, ಕೆಲವು ಕಡೆ ‘ಸಬ್ಜಂಕ್ಟಿವ್’. ನನಗೆ ಬಂದದ್ದು ಮೂರು ಅಂಕ.

ಓದದೆ ಹೋಗಿದ್ದರೆ ಇಷ್ಟು ಬೇಸರವಾಗುತ್ತಿರಲಿಲ್ಲ. ಹಿಂದಿನ ರಾತ್ರಿ ಹನ್ನೊಂದು ಗಂಟೆಯವರೆಗೆ ಕೂತು ಕೋಷ್ಟಕವನ್ನು ಉರು ಹೊಡೆದಿದ್ದೆ. ‘ಸ್ವಾ, ಸ್ವಾ, ಸ್ವಾ, ಸ್ವಾಯೋಂ, ಸ್ವಾಯೇ, ಸ್ವಾ’ ಎಂದು ನಾನು ಹೇಳುವುದನ್ನು ಕೇಳಿ ನನ್ನ ತಮ್ಮನಿಗೂ ಬಾಯಿಪಾಠ ಆಗಿತ್ತು. ರೂಪಗಳೆಲ್ಲ ನೆನಪಿದ್ದವು. ಯಾವ ವಾಕ್ಯಕ್ಕೆ ಯಾವುದು ಎಂಬುದೇ ಗೊತ್ತಿರಲಿಲ್ಲ. ಬೀಗದ ಕೈಗೊಂಚಲು ಕೈಯಲ್ಲಿದ್ದು ಬಾಗಿಲು ಯಾವುದೆಂದು ತಿಳಿಯದ ಹಾಗೆ.

ಸಂಜೆ ಮನೆಯಲ್ಲಿ ಉತ್ತರಪತ್ರಿಕೆ ಹರಡಿಕೊಂಡು ಕೂತಿದ್ದೆ. ‘ಜ ವೋ ಕಿಲ್ ವಿಯೆನ್’ ಎಂದು ಬರೆಯಬೇಕಾದಲ್ಲಿ ನಾನು ‘ವಿಯಾಂ’ ಎಂದು ಬರೆದಿದ್ದೆ. ಮೇಡಂ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು. ತಮ್ಮ ಬಂದು, ‘ಇದರ ಅರ್ಥ ಏನು?’ ಎಂದು ಕೇಳಿದ. ಮನೆಯ ಮಾತಿನಲ್ಲೇ ಹೇಳಿದೆ: ‘ಮೈ ಚಾಹತೀ ಹೂಂ ಕಿ ವೋ ಆಯೇ.’ ಹೇಳಿದ ಮೇಲೆ ನಾನೇ ನಿಂತೆ. ‘ವೋ ಆತಾ ಹೈ’ ಎನ್ನಲಿಲ್ಲ. ‘ವೋ ಆಯೇ’ ಎಂದೆ. ಯಾರೂ ಹೇಳಿಕೊಡದೆ, ಯೋಚಿಸದೆ, ಫ್ರೆಂಚಿನವರು ಎಲ್ಲಿ ಕ್ರಿಯಾಪದವನ್ನು ಬದಲಿಸುತ್ತಾರೋ ಅಲ್ಲೇ ನಾನೂ ಬದಲಿಸಿದ್ದೆ!

ಆಗ ಬೆಳಗಿನ ಮಾತು ನೆನಪಾಯಿತು. ಪರೀಕ್ಷೆಗೆ ಹೊರಟಾಗ ದಾದಿ ತಲೆಯ ಮೇಲೆ ಕೈಯಿಟ್ಟು ‘ಅಲ್ಲಾಹ್ ಕಾಮ್ಯಾಬ್ ಕರೇ’ ಎಂದಿದ್ದರು. ಮೆಟ್ಟಿಲಿಳಿದರೆ ಪಕ್ಕದ ಮನೆಯ ಅಜ್ಜಿ, ‘ಪರೀಕ್ಷೆನಾ? ಒಳ್ಳೇದಾಗ್ಲಿ ಕಣಮ್ಮ’ ಎಂದಿದ್ದರು. ಇಬ್ಬರೂ ನನ್ನನ್ನು ಹರಸಿದ್ದು ನಾನು ಅಂದು ತಪ್ಪು ಮಾಡಲಿದ್ದ ಅದೇ ವ್ಯಾಕರಣರೂಪದಲ್ಲಿ. ಇಬ್ಬರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ.

ಅಂದಿನಿಂದ ಒಂದು ಮಾತು ಹೇಳಬೇಕು ಎನ್ನಿಸುತ್ತಿದೆ. ಫ್ರೆಂಚಿನ ಈ ಭಾಗ ನಮಗೆ ಕಷ್ಟವಾಗಿರುವುದು ಫ್ರೆಂಚ್ ಕಷ್ಟ ಎಂಬ ಕಾರಣಕ್ಕಲ್ಲ. ನಾವು ಅದನ್ನು ಇಂಗ್ಲಿಷಿನ ಮೂಲಕ ಮಾತ್ರ ಕಲಿಯುತ್ತಿರುವುದರಿಂದ. ನಮ್ಮ ತರಗತಿಯಲ್ಲಿ ಇರುವ ಎಲ್ಲ ಭಾಷೆಗಳ ಪೈಕಿ ಈ ವಿಷಯದಲ್ಲಿ ಅತಿ ಕಡಿಮೆ ಸಹಾಯ ಮಾಡುವ ಭಾಷೆ ಇಂಗ್ಲಿಷ್.

ಫ್ರೆಂಚ್ ತೆಗೆದುಕೊಳ್ಳದ ಗೆಳೆಯರಿಗಾಗಿ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಡೆದದ್ದನ್ನು, ನಡೆಯುತ್ತಿರುವುದನ್ನು, ಖಚಿತವಾಗಿ ಗೊತ್ತಿರುವುದನ್ನು ಹೇಳುವಾಗ ಕ್ರಿಯಾಪದಕ್ಕೆ ಒಂದು ರೂಪ. ಅದು ಇಂಡಿಕೇಟಿವ್. ಆಗಬೇಕು, ಆಗಲಿ, ಆದೀತೇನೋ ಎಂದು ಮನಸ್ಸಿನಲ್ಲಿ ಮಾತ್ರ ಇರುವುದನ್ನು ಹೇಳುವಾಗ ಇನ್ನೊಂದು ರೂಪ. ಅದು ಸಬ್ಜಂಕ್ಟಿವ್. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ, ನಡೆದ ವ್ಯವಹಾರ ಜರ್ನಲ್‌ಗೆ ಹೋಗುತ್ತದೆ, ಮುಂದಿನ ವರ್ಷದ ನಿರೀಕ್ಷೆ ಬಜೆಟ್‌ಗೆ ಹೋಗುತ್ತದೆ. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದರೆ ಅಕೌಂಟೆನ್ಸಿ ಸರ್ ಸುಮ್ಮನಿರುವುದಿಲ್ಲ. ಫ್ರೆಂಚಿನವರೂ ಸುಮ್ಮನಿರುವುದಿಲ್ಲ. ‘ಅವನು ಬರುತ್ತಾನೆಂದು ಗೊತ್ತು’ ಎನ್ನಲು ‘ಜ ಸೇ ಕಿಲ್ ವಿಯಾಂ’. ‘ಅವನು ಬರಲಿ ಎಂದು ಬಯಸುತ್ತೇನೆ’ ಎನ್ನಲು ‘ಜ ವೋ ಕಿಲ್ ವಿಯೆನ್’.

ಇಂಗ್ಲಿಷಿನಲ್ಲಿಯೂ ಒಂದು ಕಾಲಕ್ಕೆ ಈ ಭೇದ ಚೆನ್ನಾಗಿ ಕಾಣುತ್ತಿತ್ತು. ಈಗ ಅದು ಬಹುಮಟ್ಟಿಗೆ ಸವೆದುಹೋಗಿದೆ. ‘ಗಾಡ್ ಸೇವ್ ದ ಕಿಂಗ್’, ‘ಇಫ್ ಐ ವರ್ ಯೂ’ ಎಂಬಂಥ ಕೆಲವು ಮಾತುಗಳಲ್ಲಿ ಮಾತ್ರ ಉಳಿದಿದೆ. ‘ಐ ಗೋ’ ಎಂದರೂ ‘ಇಟ್ ಈಸ್ ನೆಸೆಸರಿ ದಟ್ ಐ ಗೋ’ ಎಂದರೂ ‘ಗೋ’ ಒಂದೇ. ಫ್ರೆಂಚಿನಲ್ಲಿ ಮೊದಲನೆಯದು ‘ಜ ವೇ’, ಎರಡನೆಯದು ‘ಇಲ್ ಫೋ ಕ ಜಾಯ್’. ಇಂಗ್ಲಿಷ್ ಅನುವಾದವನ್ನು ನೋಡುತ್ತ ಕೂತವರಿಗೆ ಇಲ್ಲಿ ಏನೋ ಬದಲಾಗಿದೆ ಎಂಬ ಸುಳಿವೇ ಸಿಗುವುದಿಲ್ಲ. ಹಾಗಾಗಿ ನಾವು ಪಟ್ಟಿ ಉರು ಹೊಡೆಯುತ್ತೇವೆ: ಈ ಪದದ ಮುಂದೆ ಸಬ್ಜಂಕ್ಟಿವ್, ಆ ಪದದ ಮುಂದೆ ಸಬ್ಜಂಕ್ಟಿವ್. ಪರೀಕ್ಷೆ ಮುಗಿದ ಮರುದಿನ ಪಟ್ಟಿಯೂ ಹೋಗುತ್ತದೆ.

ಈಗ ಕನ್ನಡಕ್ಕೆ ಬನ್ನಿ. ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಎಂಬ ಮೂರು ಕ್ರಿಯಾರೂಪಗಳನ್ನು ಓದಿದ್ದು ನೆನಪಿದೆಯೇ? ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಅವುಗಳಿಂದ ಏನು ಪ್ರಯೋಜನ ಎಂದು ನಾನೂ ಕೇಳಿದ್ದೆ. ಉತ್ತರ ಫ್ರೆಂಚ್ ತರಗತಿಯಲ್ಲಿ ಸಿಕ್ಕಿತು. ಆಶೀರ್ವಾದ, ಹಾರೈಕೆ, ಅಪ್ಪಣೆ ತೋರುವ ‘ಬರಲಿ, ಹೋಗಲಿ, ಆಗಲಿ’ ವಿಧ್ಯರ್ಥಕ. ‘ಒಳಗೆ ಬರಲಿ’ ಎನ್ನಲು ಫ್ರೆಂಚಿನವರು ‘ಕಿಲ್ ಆಂತ್ರ್’ ಎನ್ನುತ್ತಾರೆ, ಅಲ್ಲಿರುವುದು ಸಬ್ಜಂಕ್ಟಿವ್. ಪ್ರಪಂಚವೆಲ್ಲ ಕೇಳಿರುವ ‘ವೀವ್ ಲಾ ಫ್ರಾಂಸ್’ ಎಂಬ ಘೋಷಣೆಯಲ್ಲಿನ ‘ವೀವ್’ ಕೂಡ ಅದೇ, ‘ಬಾಳಲಿ’ ಎಂದು ಅರ್ಥ. ಇನ್ನು ‘ಮಳೆ ಬಂದೀತು’, ‘ಹಾಲು ಉಕ್ಕೀತು’, ‘ಬಿದ್ದೀಯ, ಹುಷಾರು’ ಎಂಬವು ಸಂಭಾವನಾರ್ಥಕ. ನಡೆದಿಲ್ಲ, ನಡೆಯಬಹುದೆಂಬ ಅನುಮಾನ ಅಥವಾ ಭಯ ಇದೆ. ಫ್ರೆಂಚಿನಲ್ಲಿ ಭಯದ ಮಾತಿನ ನಂತರ ಸಬ್ಜಂಕ್ಟಿವ್ ಬರುತ್ತದೆ ಎಂಬ ನಿಯಮವನ್ನು ನಾನು ಬಾಯಿಪಾಠ ಮಾಡಿದ್ದೆ. ಅಡುಗೆಮನೆಯಲ್ಲಿ ಒಲೆಯ ಮೇಲಿನ ಹಾಲಿನ ಬಗ್ಗೆ ಯಾರಾದರೂ ಕೂಗಿ ಎಚ್ಚರಿಸುವುದನ್ನು ನೆನೆಸಿಕೊಂಡಿದ್ದರೆ ಬಾಯಿಪಾಠ ಬೇಕಿರಲಿಲ್ಲ.

ಉರ್ದು ಮಾತನಾಡುವ ಮನೆಯವರಿಗಂತೂ ಇನ್ನೂ ಸುಲಭ. ಉರ್ದು ವ್ಯಾಕರಣದಲ್ಲಿ ‘ಆಯೇ, ಜಾಯೇ, ಕರೇ’ ಎಂಬ ರೂಪಕ್ಕೆ ‘ಮುಜಾರೆ’ ಎಂದು ಹೆಸರು. ಫ್ರೆಂಚಿನ ‘ಕ’ ಇರುವ ಜಾಗದಲ್ಲೇ ಉರ್ದುವಿನ ‘ಕಿ’ ಇರುತ್ತದೆ, ಅದರ ಹಿಂದೆಯೇ ಮುಜಾರೆ ಬರುತ್ತದೆ. ‘ಇಲ್ ಫೋ ಕ ತ್ಯು ಆಯ್’ ಎಂದರೆ ‘ಜರೂರೀ ಹೈ ಕಿ ತುಮ್ ಜಾವೋ’. ‘ಪೂರ್ ಕಿಲ್ ಪ್ವೀಸ್’ ಎಂದರೆ ‘ತಾಕಿ ವೋ ಕರ್ ಸಕೇ’. ‘ಅವಾಂ ಕಿಲ್ ಪ್ಲೋವ್’ ಎಂದರೆ ‘ಇಸ್‌ ಸೇ ಪಹಲೇ ಕಿ ಬಾರಿಶ್ ಹೋ’. ಒಂದರ ಕೆಳಗೆ ಒಂದು ಬರೆದರೆ ಡೆಬಿಟ್, ಕ್ರೆಡಿಟ್ ತಾಳೆಯಾದ ಹಾಗೆ ಕಾಣುತ್ತದೆ.

ನನಗೆ ಎಲ್ಲಕ್ಕಿಂತ ಆಶ್ಚರ್ಯ ತಂದದ್ದು ಒಂದು ಪುಟ್ಟ ‘ನ’. ‘ಅವನು ಬೀಳುತ್ತಾನೇನೋ ಎಂದು ಭಯ’ ಎನ್ನಲು ಫ್ರೆಂಚಿನಲ್ಲಿ ‘ಜೇ ಪೋರ್ ಕಿಲ್ ನ ತೋಂಬ್’ ಎನ್ನುವ ರೂಢಿಯಿದೆ. ‘ನ’ ಎಂದರೆ ನಿಷೇಧವಲ್ಲವೇ, ಬೀಳುವುದಿಲ್ಲ ಎಂದಾಗುವುದಿಲ್ಲವೇ ಎಂದು ತರಗತಿಯಲ್ಲಿ ಎಲ್ಲರೂ ಗೊಂದಲಕ್ಕೆ ಬಿದ್ದಿದ್ದೆವು. ಇಲ್ಲಿ ಅದಕ್ಕೆ ನಿಷೇಧದ ಅರ್ಥ ಇಲ್ಲ, ಹಾಗೇ ಒಪ್ಪಿಕೊಳ್ಳಿ ಎಂದರು. ಒಪ್ಪಿಕೊಂಡೆವು. ಆದರೆ ನಾವು ಮನೆಯಲ್ಲಿ ಹೇಳುವುದೇನು? ‘ಡರ್ ಹೈ ಕಿ ಕಹೀಂ ಗಿರ್ ನ ಜಾಯೇ.’ ಇಲ್ಲೂ ‘ನ’ ಇದೆ, ಇಲ್ಲೂ ನಿಷೇಧ ಇಲ್ಲ! ಹುಟ್ಟಿದಾಗಿನಿಂದ ಬಳಸುತ್ತಿರುವುದನ್ನು ನಾವು ವಿಚಿತ್ರವೆಂದು ತಿಳಿದು ನೋಟ್ಸಿನಲ್ಲಿ ನಕ್ಷತ್ರ ಹಾಕಿಕೊಂಡೆವು.

ಅರಬಿ ತೆಗೆದುಕೊಂಡಿರುವ ಗೆಳತಿಯರ ಪುಸ್ತಕ ತೆರೆದು ನೋಡಿದೆ. ‘ಯಕ್ತುಬು’ ಎಂದರೆ ಅವನು ಬರೆಯುತ್ತಾನೆ. ‘ಉರೀದು ಅನ್ ಯಕ್ತುಬ’ ಎಂದರೆ ಅವನು ಬರೆಯಲಿ ಎಂದು ಬಯಸುತ್ತೇನೆ. ‘ಅನ್’ ಬಂದ ಕೂಡಲೇ ಕೊನೆಯ ‘ಉ’ಕಾರ ‘ಅ’ಕಾರವಾಯಿತು. ಅವರು ಇದನ್ನು ‘ನಸಬ್’ ಎಂದು ಕಲಿಯುತ್ತಾರೆ. ಅರಬಿ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದವರು ಇದೇ ರೂಪಕ್ಕೆ ಸಬ್ಜಂಕ್ಟಿವ್ ಎಂದು ಹೆಸರಿಟ್ಟಿದ್ದಾರೆ. ಅರಬಿಗೂ ಯೂರೋಪಿನ ಭಾಷೆಗೂ ಎಷ್ಟು ಹತ್ತಿರದ ನಂಟಿದೆ ಎಂಬುದಕ್ಕೆ ಸ್ಪ್ಯಾನಿಷ್ ಸಾಕ್ಷಿ. ಆ ಭಾಷೆಯಲ್ಲಿ ‘ಹಾಗಾಗಲಿ’ ಎಂದು ಹಾರೈಸಲು ‘ಓಹಾಲಾ’ ಎಂಬ ಪದವಿದೆ. ಅದು ಸ್ಪೇನಿನಲ್ಲಿ ಅರಬಿ ಮಾತಾಡುತ್ತಿದ್ದ ಕಾಲದಲ್ಲಿ ‘ಅಲ್ಲಾಹ್ ಇಚ್ಛಿಸಿದರೆ’ ಎಂಬ ಅರ್ಥದ ಮಾತಿನಿಂದ ಬಂದದ್ದು. ಅದರ ಹಿಂದೆ ಇಂದಿಗೂ ಸಬ್ಜಂಕ್ಟಿವ್ ಬರಲೇಬೇಕು. ನಾವು ಕೂಗುವ ‘ಜಿಂದಾಬಾದ್’, ಹೇಳುವ ‘ಮುಬಾರಕ್‌ಬಾದ್’ ಎರಡರಲ್ಲೂ ಇರುವ ‘ಬಾದ್’ ಪಾರ್ಸಿಯ ಹಳೆಯ ‘ಆಗಲಿ’.

ಇನ್ನು ಅಪವಾದದ ಕ್ರಿಯಾಪದಗಳ ವಿಷಯ. ಕೋಷ್ಟಕ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಅದನ್ನು ಚಿಕ್ಕದು ಮಾಡಿಕೊಳ್ಳಬಹುದು. ನಮ್ಮ ಗೈಡಿನಲ್ಲಿ ಪುಟಗಟ್ಟಲೆ ಪಟ್ಟಿ ಇದೆ. ಆದರೆ ಅದರಲ್ಲಿ ಹೆಚ್ಚಿನವು ನಿಯಮಕ್ಕೆ ಬಗ್ಗುವಂಥವೇ. ವರ್ತಮಾನಕಾಲದಲ್ಲಿ ‘ಅವರು’ ಎಂಬುದಕ್ಕೆ ಬರುವ ರೂಪದ ಬಾಲ ಕತ್ತರಿಸಿ ಹೊಸ ಬಾಲ ಜೋಡಿಸಿದರೆ ಸಬ್ಜಂಕ್ಟಿವ್ ಸಿದ್ಧ. ‘ನಾವು’ ಮತ್ತು ‘ನೀವು’ ರೂಪಗಳಿಗೆ ಮಾತ್ರ ‘ನಾವು’ ರೂಪದ ಬುಡ ಬೇಕು. ‘ವೆನೀರ್’ ಎಂಬ ‘ಬರು’ ಧಾತು ಹೀಗೆಯೇ ‘ವಿಯೆನ್’ ಆಗುತ್ತದೆ. ತೆಗೆದುಕೊ, ಕುಡಿ ಎಂಬ ಧಾತುಗಳೂ ಹೀಗೆಯೇ.

ನಿಜವಾದ ಅಪವಾದಗಳು ನನ್ನ ಲೆಕ್ಕಕ್ಕೆ ಸಿಕ್ಕಿದ್ದು ಒಂಬತ್ತು. ಅವೂ ನಾಲ್ಕು ಮನೆಗಳಲ್ಲಿ ವಾಸಿಸುತ್ತವೆ. ಮೊದಲ ಮನೆಯಲ್ಲಿ ‘ಇರು’ ಎಂಬ ಅರ್ಥದ ‘ಎತ್ರ್’, ‘ಹೊಂದಿರು’ ಎಂಬ ಅರ್ಥದ ‘ಅವ್ವಾರ್’. ಇವೆರಡರಲ್ಲಿ ಬುಡವೂ ಬಾಲವೂ ಬೇರೆ. ‘ಸ್ವಾ’ ಎಂಬುದು ಕೇಳಲು ಒಂದೇ, ಬರೆಯುವಾಗ ಕೊನೆಯಲ್ಲಿ ‘ನಾನು, ನೀನು’ ಎಂಬುವಕ್ಕೆ ಎಸ್, ‘ಅವನು’ ಎಂಬುದಕ್ಕೆ ಟಿ, ‘ಅವರು’ ಎಂಬುದಕ್ಕೆ ಇ-ಎನ್-ಟಿ. ಎರಡನೇ ಮನೆಯಲ್ಲಿ ಮೂವರು: ‘ಮಾಡು’ ಧಾತುವಿನ ‘ಫಾಸ್’, ‘ಸಾಧ್ಯವಾಗು’ ಧಾತುವಿನ ‘ಪ್ವೀಸ್’, ‘ತಿಳಿ’ ಧಾತುವಿನ ‘ಸಾಶ್’. ಇವಕ್ಕೆ ಹೊಸ ಬುಡ, ಆದರೆ ಎಲ್ಲ ಪುರುಷಕ್ಕೂ ಅದೊಂದೇ. ಮೂರನೇ ಮನೆಯಲ್ಲಿ ಹೋಗು, ಬಯಸು, ಬೆಲೆಬಾಳು ಎಂಬ ಮೂವರು. ಇವರಿಗೆ ಎರಡೆರಡು ಬುಡ: ‘ನಾನು’ ಎಂಬುದಕ್ಕೆ ‘ಆಯ್’, ‘ನಾವು’ ಎಂಬುದಕ್ಕೆ ‘ಅಲಿಯೋಂ’ ಎಂಬ ಹಾಗೆ. ಕೊನೆಯ ಮನೆಯಲ್ಲಿ ‘ಬೇಕು’ ಎಂಬ ಅರ್ಥದ ‘ಫಾಲ್ವಾರ್’ ಒಂಟಿ. ಅದಕ್ಕೆ ಪ್ರಥಮ ಪುರುಷ ಬಿಟ್ಟು ಬೇರೆ ರೂಪವೇ ಇಲ್ಲ. ನಮ್ಮ ‘ಬೇಕು’ ಕೂಡ ಹಾಗೇ ಅಲ್ಲವೇ? ನನಗೆ ಬೇಕು, ನಿನಗೆ ಬೇಕು, ಅವರಿಗೆ ಬೇಕು. ಅದು ಬದಲಾಗುವುದಿಲ್ಲ.

ಈ ಒಂಬತ್ತೇ ಯಾಕೆ ಹೀಗೆ? ದಿನಕ್ಕೆ ನೂರು ಸಲ ಬಾಯಿಗೆ ಬರುವ ಮಾತುಗಳು ಇವು. ಹೆಚ್ಚು ಬಳಸುವ ಪದಗಳೇ ಹಳೆಯ ರೂಪವನ್ನು ಬಿಡದೆ ಹಿಡಿದುಕೊಂಡಿರುತ್ತವೆ. ಅಪರೂಪದ ಪದಗಳ ರೂಪವನ್ನು ಜನ ಮರೆತು ನಿಯಮಕ್ಕೆ ಸೇರಿಸಿಬಿಡುತ್ತಾರೆ. ನಮ್ಮಲ್ಲೂ ‘ಬರು’ ಎಂಬುದು ‘ಬಂದ’, ‘ಬಾ’ ಆಗುತ್ತದೆ, ‘ಹೋಗು’ ಎಂಬುದು ‘ಹೋದ’ ಆಗುತ್ತದೆ, ‘ಕೊಡು’ ಎಂಬುದು ‘ಕೊಟ್ಟ’ ಆಗುತ್ತದೆ. ಉರ್ದುವಿನಲ್ಲಿ ‘ಜಾನಾ’ ಎಂಬುದು ‘ಗಯಾ’ ಆಗುತ್ತದೆ, ‘ಕರ್ನಾ’ ಎಂಬುದು ‘ಕೀಜಿಯೇ’ ಆಗುತ್ತದೆ. ಇವನ್ನು ನಾವು ಯಾವ ಕೋಷ್ಟಕದಿಂದಲೂ ಕಲಿಯಲಿಲ್ಲ, ಬಳಸಿ ಕಲಿತೆವು. ಅಂದರೆ ಈ ಒಂಬತ್ತನ್ನೂ ವಾಕ್ಯದಲ್ಲಿ ಬಳಸಿಯೇ ಕಲಿಯಬೇಕು.

ಕಾಮರ್ಸಿನವರಿಗೆ ಇದರಿಂದ ಏನು ಲಾಭ ಎನ್ನುವವರಿಗೆ ಒಂದು ಮಾತು. ಫ್ರೆಂಚ್ ವ್ಯವಹಾರಪತ್ರಗಳು ‘ವೋಯೇ’ ಎಂಬ ಪದದಿಂದ ಶುರುವಾಗುವ ಒಂದು ದೊಡ್ಡ ವಿನಯದ ವಾಕ್ಯದಿಂದ ಮುಗಿಯುತ್ತವೆ. ‘ನಮ್ಮ ಗೌರವವನ್ನು ಸ್ವೀಕರಿಸುವಂಥವರಾಗಿ’ ಎಂಬ ಧಾಟಿ. ಆ ‘ವೋಯೇ’ ಹುಟ್ಟಿದ್ದು ಮೂರನೇ ಮನೆಯ ‘ಬಯಸು’ ಧಾತುವಿನ ಇದೇ ಸಬ್ಜಂಕ್ಟಿವ್ ಬುಡದಿಂದ.

ನನ್ನ ವಾದದಲ್ಲಿ ತೂತುಗಳಿಲ್ಲ ಎಂದು ಹೇಳಲಾರೆ. ಎಲ್ಲ ಕಡೆ ತಾಳೆಯಾಗುವುದಿಲ್ಲ. ‘ಅವನು ಬಡವನಾದರೂ’ ಎನ್ನಲು ಫ್ರೆಂಚಿನಲ್ಲಿ ‘ಬಿಯಾಂ ಕಿಲ್ ಸ್ವಾ ಪೋವ್ರ್’, ಸಬ್ಜಂಕ್ಟಿವ್. ಉರ್ದುವಿನಲ್ಲಿ ‘ಅಗರ್ಚೆ ವೋ ಗರೀಬ್ ಹೈ’, ಸಾಮಾನ್ಯ ರೂಪ. ‘ನೀನು ಇಲ್ಲಿರುವುದು ನನಗೆ ಸಂತೋಷ’ ಎನ್ನುವಾಗ ನೀನು ಇಲ್ಲಿರುವುದು ನಿಜವೇ, ಆದರೂ ಅವರಿಗೆ ಸಬ್ಜಂಕ್ಟಿವ್ ಬೇಕು. ನನ್ನ ಬಜೆಟ್ ಹೋಲಿಕೆ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಇದಕ್ಕೆ ತಿರುಗುಮುರುಗಾಗಿ, ‘ಅವನು ಬರುತ್ತಾನೆಂದು ಆಶಿಸುತ್ತೇನೆ’ ಎನ್ನುವಾಗ ಅವರು ಸಬ್ಜಂಕ್ಟಿವ್ ಬಳಸುವುದಿಲ್ಲ. ನಮ್ಮ ಭಾಷೆ ಅರ್ಧ ದಾರಿಗಿಂತ ಹೆಚ್ಚು ಕರೆದುಕೊಂಡು ಹೋಗುತ್ತದೆ, ಮಿಕ್ಕದ್ದನ್ನು ಕಲಿಯಬೇಕು. ಆದರೆ ಹತ್ತರಲ್ಲಿ ಹತ್ತನ್ನೂ ಉರು ಹೊಡೆಯುವುದಕ್ಕೂ ಎರಡು ಮೂರನ್ನು ಮಾತ್ರ ಉರು ಹೊಡೆಯುವುದಕ್ಕೂ ವ್ಯತ್ಯಾಸವಿಲ್ಲವೇ?

ಇನ್ನೊಂದು ಆಕ್ಷೇಪವನ್ನು ನನ್ನ ಗೆಳತಿಯೇ ಎತ್ತಿದಳು. ನಮ್ಮ ತರಗತಿಯಲ್ಲಿ ಉರ್ದು ಬಾರದವರಿದ್ದಾರೆ, ಮಲಯಾಳಂ, ಬ್ಯಾರಿ, ಕೊಡವ ಮಾತಾಡುವವರಿದ್ದಾರೆ. ಎಲ್ಲರಿಗೂ ಸಾಮಾನ್ಯವಾದದ್ದು ಇಂಗ್ಲಿಷ್ ತಾನೇ ಎಂದಳು. ಸರಿಯಾದ ಮಾತು. ಪಾಠವನ್ನು ಉರ್ದುವಿನಲ್ಲಿ ಮಾಡಿ ಎಂದು ನಾನು ಕೇಳುತ್ತಿಲ್ಲ. ಮೇಡಂ ಫ್ರೆಂಚ್ ವಾಕ್ಯವೊಂದನ್ನು ಬೋರ್ಡಿನ ಮೇಲೆ ಬರೆದಾಗ, ‘ಇದನ್ನು ನಿಮ್ಮ ಮನೆಯಲ್ಲಿ ಹೇಗೆ ಹೇಳುತ್ತೀರಿ?’ ಎಂದು ಒಂದು ಸಲ ಕೇಳಲಿ. ಪ್ರತಿಯೊಬ್ಬರೂ ತಮ್ಮ ಮಾತನ್ನು ತರಲಿ. ಮಲಯಾಳಂ ಗೆಳತಿ ‘ವರಟ್ಟೆ’ ಎನ್ನಲಿ, ಕನ್ನಡದವಳು ‘ಬರಲಿ’ ಎನ್ನಲಿ, ನಾನು ‘ಆಯೇ’ ಎನ್ನುತ್ತೇನೆ. ಕಾಲು ಗಂಟೆಯ ಕೆಲಸ. ಅಂದಿನ ಪಾಠವನ್ನು ಯಾರೂ ಮರೆಯುವುದಿಲ್ಲ.

ಮೈಸೂರಿನವರಿಗೆ ಫ್ರೆಂಚ್ ಹೊಸದೂ ಅಲ್ಲ, ಅದಕ್ಕೆ ಇಂಗ್ಲಿಷಿನ ಮಧ್ಯಸ್ಥಿಕೆ ಬೇಕೆಂದೂ ಇಲ್ಲ. ಈಗಿನ ಪಾಂಡವಪುರಕ್ಕೆ ಹಿಂದೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರಿತ್ತು. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಬಂದ ಹೆಸರು ಅದು. ಟಿಪ್ಪು ಕಳಿಸಿದ ಮೂವರು ರಾಯಭಾರಿಗಳನ್ನು 1788ರ ಆಗಸ್ಟಿನಲ್ಲಿ ಹದಿನಾರನೇ ಲೂಯಿ ದೊರೆ ವರ್ಸೇಲ್ಸ್ ಅರಮನೆಯಲ್ಲಿ ಬರಮಾಡಿಕೊಂಡ. ಶ್ರೀರಂಗಪಟ್ಟಣದ ದರಬಾರಿನ ಭಾಷೆ ಪಾರ್ಸಿ. ಆ ಕಾಲದಲ್ಲಿ ಇಲ್ಲಿಯ ಮಾತು ಅಲ್ಲಿಗೆ ಪಾರ್ಸಿಯಿಂದ ನೇರವಾಗಿ ಫ್ರೆಂಚಿಗೆ ಹೋಗಬಹುದಿತ್ತು. ಇನ್ನೂರು ವರ್ಷಗಳ ಮೇಲೆ, ಶ್ರೀರಂಗಪಟ್ಟಣದ ಪಕ್ಕದಲ್ಲೇ ಕೂತು, ನಾವು ಯಾಕೆ ಸುತ್ತುದಾರಿ ಹಿಡಿಯಬೇಕು?

ನಿಜ ಹೇಳಬೇಕೆಂದರೆ ನಾನು ಫ್ರೆಂಚ್ ತೆಗೆದುಕೊಂಡದ್ದು ಅಂಕಕ್ಕಾಗಿ. ‘ಸ್ಕೋರಿಂಗ್ ಸಬ್ಜೆಕ್ಟ್’ ಎಂದು ಎಲ್ಲರೂ ಹೇಳಿದರು. ಉರ್ದು ಬಿಟ್ಟಾಗ ಅಬ್ಬು ಏನೂ ಹೇಳಲಿಲ್ಲ. ದಾದಿ ಮಾತ್ರ, ‘ಕಿಸ್‌ ಕೇ ಸಾಥ್ ಬಾತ್ ಕರೇಗೀ?’ ಎಂದು ಕೇಳಿದರು. ಯಾರೊಂದಿಗೆ ಮಾತಾಡುತ್ತೀಯ ಎಂಬ ಆ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಆದರೆ ಒಂದು ಭಾಷೆಯನ್ನು ಅಂಕಕ್ಕಾಗಿ ಮಾತ್ರ ಕಲಿತರೆ ಎರಡು ನಷ್ಟ. ಆ ಭಾಷೆ ಬರುವುದಿಲ್ಲ, ಅದಕ್ಕಾಗಿ ಬಿಟ್ಟ ಭಾಷೆಯೂ ಮನೆಯ ಮೂಲೆಗೆ ಸೇರುತ್ತದೆ. ನಮ್ಮ ಮೈಸೂರಿನ ದಖನಿಯನ್ನು ‘ಇದು ಉರ್ದುವೇ ಅಲ್ಲ’ ಎಂದು ನಗುವವರಿದ್ದಾರೆ. ನಮ್ಮ ಕನ್ನಡದ ಉಚ್ಚಾರಣೆಗೂ ನಗುವವರಿದ್ದಾರೆ. ಹಾಗಾಗಿ ನಮ್ಮಲ್ಲಿ ಬಹಳ ಜನ ಕಾಲೇಜಿನ ಗೇಟಿನೊಳಗೆ ಬಂದ ಕೂಡಲೇ ಮನೆಯ ಮಾತನ್ನು ಬ್ಯಾಗಿನಲ್ಲಿ ಮುಚ್ಚಿಡುತ್ತೇವೆ. ಆ ಬ್ಯಾಗಿನಲ್ಲೇ ಪರೀಕ್ಷೆಯ ಉತ್ತರ ಇತ್ತು ಎಂಬುದು ನನಗೆ ಮೂರು ಅಂಕ ಬಂದ ಮೇಲೆ ತಿಳಿಯಿತು.

ಎರಡು ವಾರದ ನಂತರ ಮೇಡಂ ಮತ್ತೆ ಅದೇ ಮಾದರಿಯ ಪರೀಕ್ಷೆ ಕೊಟ್ಟರು. ಈ ಸಲ ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲೇ ಮನೆಯ ಮಾತಿಗೆ ತಿರುಗಿಸಿ ನೋಡಿದೆ. ‘ಹೈ’ ಬಂದರೆ ಒಂದು ರೂಪ, ‘ಆಯೇ, ಜಾಯೇ’ ಬಂದರೆ ಇನ್ನೊಂದು. ಏಳು ಅಂಕ ಬಂತು. ತಪ್ಪಾದ ಮೂರರಲ್ಲಿ ಎರಡು ಮೇಲೆ ಹೇಳಿದ ತಾಳೆಯಾಗದ ಜಾತಿಯವು. ಮೂರನೆಯದು ಬರೀ ಸ್ಪೆಲ್ಲಿಂಗ್, ‘ಸ್ವಾ’ದ ಕೊನೆಗೆ ಟಿ ಹಾಕುವುದನ್ನು ಮರೆತಿದ್ದೆ.

ಮುಂದಿನ ವರ್ಷ ಫ್ರೆಂಚ್ ತೆಗೆದುಕೊಳ್ಳುವ ತಂಗಿಯರಿಗೆ, ತಮ್ಮಂದಿರಿಗೆ ನನ್ನ ವಿನಂತಿ ಇಷ್ಟೇ. ಗೈಡ್ ಕೊಳ್ಳಿ, ಕೋಷ್ಟಕವನ್ನೂ ಓದಿ. ಆದರೆ ಅದಕ್ಕೆ ಮೊದಲು ಮನೆಯಲ್ಲಿ ದೊಡ್ಡವರು ಹರಸುವುದನ್ನು, ಹೆದರುವುದನ್ನು, ಹಾರೈಸುವುದನ್ನು ಕಿವಿಗೊಟ್ಟು ಕೇಳಿ, ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಿ. ಅದರ ಪಕ್ಕದಲ್ಲಿ ಫ್ರೆಂಚ್ ಬರೆಯಿರಿ. ನಮ್ಮ ಉಪನ್ಯಾಸಕರು ಒಪ್ಪಿದರೆ ಅಂಥ ಒಂದು ಚಾರ್ಟನ್ನು ಎಲ್ಲ ಭಾಷೆಗಳಲ್ಲಿ ಬರೆದು ತರಗತಿಯ ಗೋಡೆಗೆ ಹಚ್ಚಲು ನಾನು ಸಿದ್ಧ. ಮೊದಲ ಸಾಲಿಗೆ ದಾದಿಯ ಮಾತನ್ನೂ ಪಕ್ಕದ ಮನೆಯ ಅಜ್ಜಿಯ ಮಾತನ್ನೂ ಆಗಲೇ ಆರಿಸಿಟ್ಟುಕೊಂಡಿದ್ದೇನೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ